ತಮ್ಮನ ಕಾಲು, ನನ್ನ ಜೀವಕೋಶಗಳು

ತಮ್ಮನ ಬಲಗಾಲಿನ ಕಿರುಬೆರಳನ್ನು ನಾನು ಸರಿಯಾಗಿ ನೋಡಿದ್ದು ದೆಹಲಿಯ ಕರೋಲ್ ಬಾಗಿನ ಒಂದು ಶೂ ಅಂಗಡಿಯಲ್ಲಿ. ಚಳಿಗಾಲದ ಒಂದು ಭಾನುವಾರ. ಹಳೆಯ ಶೂ ಬಿಗಿಯಾಗುತ್ತಿದೆ, ಒಂದು ಸೈಜ್ ದೊಡ್ಡದು ಬೇಕು ಎಂದು ಅವನೇ ನನ್ನನ್ನು ಕರೆದುಕೊಂಡು ಹೋಗಿದ್ದ. ಅಂಗಡಿಯವನು ಸಾಕ್ಸ್ ತೆಗೆಯಿರಿ ಎಂದರೆ ಇವನು ಬೇಡ, ಹೀಗೇ ನೋಡುತ್ತೇನೆ ಎಂದ. ಶೂ ಒಳಗೆ ಕಾಲು ತೂರಿಸುವಾಗ ಮುಖ ಹಿಂಡಿಕೊಂಡ. ಎದುರಿನ ಸ್ಟೂಲಿನಲ್ಲಿ ಕೂತಿದ್ದ ನಾನು ಬಗ್ಗಿ ಅವನ ಸಾಕ್ಸ್ ಎಳೆದೇಬಿಟ್ಟೆ. ಬೆರಳು ನೇರಳೆ ಬಣ್ಣಕ್ಕೆ ತಿರುಗಿತ್ತು. ಉಗುರಿನ ಪಕ್ಕ ಅಕ್ಕಿಕಾಳಿನಷ್ಟು ಹುಣ್ಣು, ಅಂಚೆಲ್ಲ ಕಪ್ಪು. ಮುಟ್ಟಿದೆ. ಪಾದ ತಣ್ಣಗೆ ಕೊರೆಯುತ್ತಿತ್ತು.

"ಯಾವಾಗಿಂದ ಇದು?"

"ಚಳಿಗೆ ಕಣೇ ಅಕ್ಕ. ಇಲ್ಲಿ ಎಲ್ಲರಿಗೂ ಆಗುತ್ತೆ. ನಮ್ಮ ರೂಮಲ್ಲಿ ಬಿಸಿಲೇ ಬರಲ್ಲ."

"ಎಡಗಾಲು ತೋರಿಸು."

ಎಡಗಾಲು ಬೆಚ್ಚಗಿತ್ತು. ಅಂಗಡಿಯವನು ಇನ್ನೊಂದು ಡಬ್ಬ ತೆಗೆಯಲು ಏಣಿ ಹತ್ತಿದ್ದ. "ರೆಹ್ನೇ ದೋ ಭಯ್ಯಾ" ಎಂದು ಹೇಳಿ ನಾವು ಎದ್ದು ಹೊರಬಂದೆವು.

ಅಲ್ಲಿಂದ ಅವನ ಕೋಣೆಯಿದ್ದ ಓಲ್ಡ್ ರಾಜಿಂದರ್ ನಗರಕ್ಕೆ ನಡೆದೇ ಹೋಗುವ ರೂಢಿ. ದಾರಿಯಲ್ಲಿ ಅವನು ಎಂದಿನಂತೆ ಅಲ್ಲಲ್ಲಿ ನಿಂತ. ಒಂದು ಕಡೆ ಹಳೆಯ ಮ್ಯಾಗಜಿನ್ ತಿರುವಿದ, ಇನ್ನೊಂದು ಕಡೆ ಗೋಡೆಗೆ ಅಂಟಿಸಿದ್ದ ಕೋಚಿಂಗ್ ಜಾಹೀರಾತು ಓದಿದ. ಕೆಲವು ತಿಂಗಳಿಂದ ಅವನು ಹೀಗೆ ನಿಲ್ಲುತ್ತಿದ್ದುದನ್ನು ನಾನು ಪರೀಕ್ಷೆಯ ಗೀಳು ಎಂದುಕೊಂಡಿದ್ದೆ. ಅವತ್ತು ಅವನು ಓದುತ್ತಿರಲಿಲ್ಲ, ಮೀನಖಂಡ ಹಿಡಿದುಕೊಂಡು ನೋವು ಇಳಿಯುವುದನ್ನು ಕಾಯುತ್ತಿದ್ದ ಎಂದು ತಿಳಿಯಿತು. ನಿಂತಾಗಲೆಲ್ಲ ಒಂದು ಸಿಗರೇಟು ಹಚ್ಚುತ್ತಿದ್ದ.

ನಾವು ದಾವಣಗೆರೆಯವರು. ಅಪ್ಪ ಕಾಟನ್ ಮಿಲ್ಲಿನಲ್ಲಿದ್ದರು, ನಾವು ಶಾಲೆಯಲ್ಲಿದ್ದಾಗಲೇ ತೀರಿಕೊಂಡರು. ಅಮ್ಮ ಸರ್ಕಾರಿ ಹೈಸ್ಕೂಲಿನಲ್ಲಿ ಹಿಂದಿ ಟೀಚರ್. ನಾನು ಪಿಎಚ್‌ಡಿಗೆಂದು ಮೊದಲು ದೆಹಲಿಗೆ ಬಂದೆ. ಪೀತಮ್‌ಪುರದಲ್ಲಿ ಒಂದು ಪಂಜಾಬಿ ಕುಟುಂಬದ ಮನೆಯ ಹಿಂಭಾಗದ ಕೋಣೆಯಲ್ಲಿದ್ದೆ. ಮೆಟ್ರೋದಲ್ಲಿ ಕಶ್ಮೀರಿ ಗೇಟಿಗೆ ಹೋಗಿ ಅಲ್ಲಿ ಬದಲಿಸಿದರೆ ನಮ್ಮ ಸಂಶೋಧನಾ ಸಂಸ್ಥೆ ಹತ್ತಿರ. ತಮ್ಮ ಎಂಜಿನಿಯರಿಂಗ್ ಮುಗಿಸಿ, ಸಿಕ್ಕ ಕೆಲಸವನ್ನು ಒಂದು ವರ್ಷ ಮಾಡಿ, ಬೇಸರಪಟ್ಟು ಬಿಟ್ಟು, ಐಎಎಸ್ ಬರೆಯಲು ನನ್ನ ಹಿಂದೆಯೇ ಬಂದ. ಕನ್ನಡ ಸಾಹಿತ್ಯ ಮತ್ತು ಭೂಗೋಳ ಅವನ ವಿಷಯಗಳು. ಹಿಂದಿನ ಪ್ರಯತ್ನಗಳಲ್ಲಿ ಒಮ್ಮೆ ಸಂದರ್ಶನದವರೆಗೂ ಹೋಗಿ ಬಂದಿದ್ದ. ಈಗ ಉಳಿದಿದ್ದುದು ಕೊನೆಯ ಪ್ರಯತ್ನ. ವಯಸ್ಸು ಮೂವತ್ತರ ಹತ್ತಿರ ಬಂದಿತ್ತು.

ಆ ವಾರವೇ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತನಾಳದ ವಿಭಾಗದ ಡಾಕ್ಟರು ನಮ್ಮಷ್ಟೇ ವಯಸ್ಸಿನವರು, ಮಾತು ಕಡಿಮೆ. ಅವನ ಪಾದದ ಮೇಲೆ, ಹಿಮ್ಮಡಿಯ ಪಕ್ಕ, ಮೊಣಕಾಲಿನ ಹಿಂದೆ ಬೆರಳಿಟ್ಟು ನಾಡಿ ಹುಡುಕಿದರು. ಮೊಣಕಾಲಿನ ಹಿಂದೆ ಸಿಕ್ಕಿತು. ಕೆಳಗೆ ಸಿಗಲಿಲ್ಲ. ಬೆರಳು ಎತ್ತದೆಯೇ ಕೇಳಿದರು, "ಸಿಗರೇಟ್?"

ತಮ್ಮ ನನ್ನ ಕಡೆ ನೋಡಿದ.

"ದೀದಿ ಕಡೆ ನೋಡಬೇಡ. ದಿನಕ್ಕೆ ಎಷ್ಟು?"

"ಓದುವಾಗ ಸ್ವಲ್ಪ ಜಾಸ್ತಿ ಆಗುತ್ತೆ" ಎಂದ ಹಿಂದಿಯಲ್ಲಿ.

ಸ್ಕ್ಯಾನ್ ಎಲ್ಲ ಆದ ಮೇಲೆ ಡಾಕ್ಟರು ಕಾಯಿಲೆಗೆ ಒಂದು ಉದ್ದನೆಯ ಹೆಸರು ಹೇಳಿದರು. ತಂಬಾಕು ಸೇದುವ ಎಳೆಯ ಗಂಡಸರಲ್ಲಿ ಕೆಲವರಿಗೆ ಬರುವಂಥದ್ದು. ಕೈಕಾಲುಗಳ ಸಣ್ಣ ರಕ್ತನಾಳಗಳ ಒಳಪದರ ಉರಿಯೆದ್ದು ಊದಿಕೊಳ್ಳುತ್ತದೆ, ರಕ್ತ ಅಲ್ಲೇ ಹೆಪ್ಪುಗಟ್ಟುತ್ತದೆ, ದಾರಿ ಮುಚ್ಚುತ್ತದೆ. ಬೈಪಾಸ್ ಮಾಡೋಣವೆಂದರೆ ಕೆಳಗೆ ಜೋಡಿಸಲು ತೆರೆದಿರುವ ನಾಳವೇ ಇಲ್ಲ.

"ಔಷಧಿ?" ಎಂದೆ.

"ನೋವಿಗೆ ಕೊಡ್ತೀನಿ. ಹುಣ್ಣಿಗೆ ಕೊಡ್ತೀನಿ. ಕಾಯಿಲೆಗೆ ಔಷಧಿ ಒಂದೇ. ಇವತ್ತಿಂದ ತಂಬಾಕು ಮುಟ್ಟಬಾರದು. ಒಂದೂ. ಸಿಗರೇಟ್ ಇಟ್ಟುಕೋ, ಇಲ್ಲ ಕಾಲು ಇಟ್ಟುಕೋ. ಎರಡೂ ಆಗಲ್ಲ."

ನಾನು ಸಂಶೋಧನಾ ವಿದ್ಯಾರ್ಥಿನಿ, ಜೀವಕೋಶಗಳ ಮೇಲೆ ಕೆಲಸ ಮಾಡುತ್ತೇನೆ ಎಂದು ಹೇಳಿಕೊಂಡಿದ್ದೆ. ಅವರು ಸೌಜನ್ಯಕ್ಕೆ, "ಯಾವ ಜೀವಕೋಶ?" ಎಂದು ಕೇಳಿದರು. ರಕ್ತನಾಳದ ಒಳಪದರದ ಕೋಶ ಎಂದೆ. ಅವರು ಬರೆಯುವುದನ್ನು ನಿಲ್ಲಿಸಿ ಒಂದು ಕ್ಷಣ ನನ್ನನ್ನು ನೋಡಿದರು, ಮತ್ತೆ ಬರೆಯತೊಡಗಿದರು.

ನನ್ನ ಕೆಲಸ ಹೀಗಿತ್ತು. ದೊಡ್ಡವರ ಮೂಳೆಯ ಮಜ್ಜೆಯಲ್ಲಿ ಕೆಲವು ಕಾಂಡಕೋಶಗಳು ಇರುತ್ತವೆ. ಇಂಗ್ಲಿಷಿನಲ್ಲಿ ಸ್ಟೆಮ್ ಸೆಲ್ ಎನ್ನುತ್ತಾರೆ. ಇನ್ನೂ ತಾವು ಏನಾಗಬೇಕೆಂದು ಪೂರ್ತಿ ತೀರ್ಮಾನಿಸದ ಕೋಶಗಳು. ಆಸ್ಪತ್ರೆಯಲ್ಲಿ ಸೊಂಟದ ಮೂಳೆಯ ಆಪರೇಷನ್ ಆದವರು ಒಪ್ಪಿದರೆ, ಉಳಿದ ಮಜ್ಜೆ ಐಸಿನ ಡಬ್ಬದಲ್ಲಿ ನಮ್ಮ ಲ್ಯಾಬಿಗೆ ಬರುತ್ತಿತ್ತು. ಅದರಿಂದ ಈ ಕೋಶಗಳನ್ನು ಬೇರ್ಪಡಿಸಿ, ಪ್ಲಾಸ್ಟಿಕ್ ತಟ್ಟೆಯಲ್ಲಿ ಮೈಬಿಸಿಯ ಶಾಖದಲ್ಲಿಟ್ಟು, ಬೇಕಾದ ಪೋಷಕ ದ್ರವ ಹಾಕಿ, ಅವು ರಕ್ತನಾಳದ ಒಳಪದರದ ಕೋಶಗಳಾಗುವಂತೆ ಒಲಿಸುವುದು. ಒಲಿಸುವುದು ಎಂಬ ಮಾತು ನನ್ನದಲ್ಲ, ನಮ್ಮ ಗೈಡ್ ಬಳಸುತ್ತಿದ್ದುದು. ಆ ಒಳಪದರ ಒಂದೇ ಒಂದು ಕೋಶದಷ್ಟು ದಪ್ಪ. ಅದು ನಯವಾಗಿ, ಆರೋಗ್ಯವಾಗಿ ಇರುವಷ್ಟು ದಿನ ರಕ್ತ ಹೆಪ್ಪುಗಟ್ಟದೆ ಹರಿಯುತ್ತದೆ.

ಮೊದಲಿಗೆ ಅವು ಉದ್ದುದ್ದ, ಕದಿರಿನ ಆಕಾರದಲ್ಲಿರುತ್ತವೆ. ದಿನ ಕಳೆದಂತೆ ಗಿಡ್ಡವಾಗಿ, ಒಂದಕ್ಕೊಂದು ಒತ್ತಿಕೊಂಡು ಹಾಸುಗಲ್ಲಿನಂತೆ ಕೂರಬೇಕು. ಕೂತರೆ ಗೆದ್ದಂತೆ. ಆದರೆ ನನ್ನವು ಅರ್ಧ ದಾರಿಗೆ ಬಂದು ನಿಲ್ಲುತ್ತಿದ್ದವು. ಪೋಷಕ ದ್ರವ ಸ್ವಲ್ಪ ಬದಲಾದರೆ ಮತ್ತೆ ಹಳೆಯ ಆಕಾರಕ್ಕೆ ಮರಳುತ್ತಿದ್ದವು. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತಿತ್ತು, ಬೇಸಿಗೆಯಲ್ಲಿ ಕರೆಂಟು ಕೈಕೊಡುತ್ತಿತ್ತು.

ಒಂದು ಸಂಜೆ ತಮ್ಮ ಲ್ಯಾಬಿಗೆ ಬಂದ. ಅದಕ್ಕೆ ಮೊದಲು ಎಷ್ಟೋ ಸಲ ಕರೆದಿದ್ದರೂ ಬಂದವನಲ್ಲ. ಗೇಟಿನಿಂದ ನಮ್ಮ ಕಟ್ಟಡದವರೆಗೆ ಬರುವಷ್ಟರಲ್ಲಿ ಅವನ ಹಣೆ ಬೆವತಿತ್ತು. ಕೂರಿಸಿ ನೀರು ಕೊಟ್ಟೆ. ಆಮೇಲೆ ಮೈಕ್ರೋಸ್ಕೋಪಿನ ಮುಂದೆ ಸ್ಟೂಲ್ ಎಳೆದು ತೋರಿಸಿದೆ. ಒಂದು ವಿಶೇಷ ಜೆಲ್ಲಿನ ಮೇಲೆ ಬಿಟ್ಟ ಕೋಶಗಳು ಕೆಲವು ಗಂಟೆಗಳಲ್ಲಿ ತಾವಾಗಿ ಕೈ ಚಾಚಿ ಒಂದನ್ನೊಂದು ಹಿಡಿದು ಬಲೆಯಂತೆ ಹೆಣೆದುಕೊಳ್ಳುತ್ತವೆ. ಅವತ್ತು ತಟ್ಟೆಯ ಒಂದು ಮೂಲೆಯಲ್ಲಿ ಮಾತ್ರ ಹಾಗಾಗಿತ್ತು. ಅಲ್ಲಿಗೇ ಫೋಕಸ್ ಮಾಡಿಕೊಟ್ಟೆ.

ತುಂಬ ಹೊತ್ತು ನೋಡಿದ.

"ಇವು ಪೈಪಾ?"

"ಪೈಪ್ ಆಗೋಕೆ ನೋಡ್ತಿವೆ."

"ಯಾರದ್ದು?"

"ಯಾರೋ ಒಬ್ಬ ಅಜ್ಜಿದು. ಹೆಸರು ನಮಗೆ ಹೇಳಲ್ಲ."

ಕಣ್ಣು ತೆಗೆಯದೆಯೇ ಕೇಳಿದ, "ನಂದೂ ತೆಗೆದು ಹೀಗೆ ಮಾಡಬಹುದಲ್ವಾ ಅಕ್ಕ? ನನ್ನ ಮೂಳೆಯಿಂದ?"

"ತಟ್ಟೆಯಲ್ಲಿ ಮಾಡಬಹುದು."

"ಕಾಲಲ್ಲಿ?"

ಇದಕ್ಕೆ ಉತ್ತರ ನನಗೆ ಗೊತ್ತಿತ್ತು. ಈ ಬಲೆ ನಾಳೆ ಈ ಹೊತ್ತಿಗೆ ಹರಿದುಹೋಗಿರುತ್ತದೆ. ಇದರೊಳಗೆ ರಕ್ತ ಹರಿದಿಲ್ಲ. ಮನುಷ್ಯನ ಕಾಲಿಗೆ ಹಾಕಿದರೆ ಇವು ನಿಲ್ಲುತ್ತವೋ, ಸಾಯುತ್ತವೋ, ಬೇರೆ ಏನಾದರೂ ಆಗುತ್ತವೋ ನಮಗೆ ತಿಳಿಯದು. ಇಲಿಯ ಕಾಲಿಗೆ ಹಾಕಲೂ ನಮ್ಮ ಲ್ಯಾಬಿಗೆ ಇನ್ನೂ ಧೈರ್ಯ ಬಂದಿಲ್ಲ. ಇದನ್ನೆಲ್ಲ ಒಂದೊಂದಾಗಿ ಹೇಳಿದೆ. ಅವನು ತರಗತಿಯಲ್ಲಿ ಕೂತವನ ಹಾಗೆ ತಲೆಯಾಡಿಸುತ್ತ ಕೇಳಿದ.

"ಅಚ್ಛಾ. ಹತ್ತು ವರ್ಷ ಆಗುತ್ತಾ?"

"ಆಗಬಹುದು. ಜಾಸ್ತಿನೂ ಆಗಬಹುದು. ಆಗದೇನೂ ಇರಬಹುದು."

"ನನ್ನ ಬೆರಳು ಅಷ್ಟು ಕಾಯಲ್ಲ ಬಿಡು" ಎಂದು ನಕ್ಕ. ಕ್ಯಾಂಟೀನಿನಲ್ಲಿ ಟೀ ಕುಡಿದೆವು. ಅವನ ಬೆರಳುಗಳು ಮೇಜಿನ ಮೇಲೆ ಸುಮ್ಮನೆ ಏನನ್ನೋ ಹುಡುಕುತ್ತಿದ್ದವು. ಸಿಗರೇಟು ಬಿಟ್ಟು ಆಗ ಎರಡು ವಾರ ಎಂದು ಹೇಳಿದ. ನಾನು ನಂಬಿದೆ. ನಿಜವೂ ಆಗಿತ್ತು.

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವಳು ಮೊದಲು ಕೇಳಿದ್ದು, "ನೀನು ಓದ್ತಿರೋದು ಅದೇ ಅಲ್ವೇನೇ?" ಎಂದು. ಹೌದು ಎಂದೆ. "ಮತ್ತೆ?" ಎಂದಳು. ಬೇಸಿಗೆ ರಜೆ ಬಂದ ಕೂಡಲೇ ಅವಳು ರೈಲು ಹತ್ತಿದಳು. ರಜೆ ಮುಗಿದ ಮೇಲೂ ಸಂಬಳವಿಲ್ಲದ ರಜೆ ಹಾಕಿ ಉಳಿದಳು.

ಜೀವನವಿಡೀ ಹಿಂದಿ ಕಲಿಸಿದ ಅಮ್ಮ ದೆಹಲಿಗೆ ಬಂದದ್ದು ಅದೇ ಮೊದಲು. ಪೀತಮ್‌ಪುರದ ತರಕಾರಿ ಗಾಡಿಯವನಿಗೆ ಪುಸ್ತಕದ ಹಿಂದಿಯಲ್ಲಿ, "ಭ್ರಾತಾಜೀ, ಕೃಪಯಾ ಆಧಾ ಕಿಲೋ ಭಿಂಡೀ ದೀಜಿಯೇ" ಎನ್ನುತ್ತಿದ್ದಳು. ಅವನು ನನ್ನ ಮುಖ ನೋಡುತ್ತಿದ್ದ. ಮನೆಯ ಓನರ್ ಆಂಟಿ ಅಮ್ಮನ ಹಿಂದಿ ಕೇಳಲೆಂದೇ ಹಿಂಬಾಗಿಲಿಗೆ ಬಂದು ಕೂರುತ್ತಿದ್ದರು. ಆ ಮನೆಯಲ್ಲಿ ನಾವು ಮೂವರೂ ನಕ್ಕದ್ದು ಆ ವಿಷಯಕ್ಕೆ ಮಾತ್ರ.

ತಮ್ಮನೂ ಆಗ ನನ್ನ ಕೋಣೆಗೇ ಬಂದಿದ್ದ. ತನ್ನ ಕೋಣೆಯ ಮೆಟ್ಟಿಲು ಹತ್ತಲು ಅವನಿಗೆ ಆಗುತ್ತಿರಲಿಲ್ಲ. ಹುಣ್ಣು ಪಕ್ಕದ ಬೆರಳಿಗೆ ಹರಡಿತ್ತು. ಮಲಗಿದರೆ ಕಾಲು ಉರಿಯುತ್ತಿತ್ತು. ಕೆಳಗೆ ಇಳಿಬಿಟ್ಟರೆ ರಕ್ತ ಒಂದಿಷ್ಟು ಇಳಿದು ನೋವು ತಗ್ಗುತ್ತಿತ್ತು. ಹಾಗಾಗಿ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುವುದನ್ನು ಕಲಿತುಕೊಂಡ. ಅಮ್ಮ ಅವನ ಎದುರು ನೆಲದಲ್ಲಿ ಕೂತು ಜಪಸರ ಹಿಡಿದು ಪ್ರಾರ್ಥಿಸುತ್ತಿದ್ದಳು. ಅವನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಲು ನೋಡುತ್ತಿದ್ದಳು. ಅವಳ ಕೈಯ ಬಿಸಿ ಅಲ್ಲಿಗೆ ಹತ್ತುತ್ತಲೇ ಇರಲಿಲ್ಲ.

ಪರೀಕ್ಷೆಯ ಮೊದಲ ಸುತ್ತು, ಪ್ರಿಲಿಮ್ಸ್, ಪಾಸಾದ. ಮೇನ್ಸ್ ಪರೀಕ್ಷೆಗೆ ತಯಾರಿ ಶುರುವಾಯಿತು. ಬೆಳಿಗ್ಗೆ ಆಟೋದಲ್ಲಿ ಕೋಚಿಂಗಿಗೆ ಹೋಗಿ ಸಂಜೆ ಬರುತ್ತಿದ್ದ. ಒಂದು ದಿನ ಲ್ಯಾಬಿನಲ್ಲಿ ಸೆಂಟ್ರಿಫ್ಯೂಜ್ ಯಂತ್ರ ಕೆಟ್ಟು ಮಧ್ಯಾಹ್ನವೇ ಬಿಡುವಾಯಿತು. ಅವನನ್ನು ಕರೆದುಕೊಂಡೇ ಮನೆಗೆ ಹೋಗೋಣವೆಂದು ಮೆಟ್ರೋ ಹಿಡಿದು ರಾಜೇಂದ್ರ ಪ್ಲೇಸಿನಲ್ಲಿ ಇಳಿದು ಹೋದೆ. ಕೋಚಿಂಗಿನ ಎದುರಿನ ಟೀ ಅಂಗಡಿಯ ಬೆಂಚಿನಲ್ಲಿ ಕೂತಿದ್ದ. ಬ್ಯಾಂಡೇಜಿನ ಕಾಲು ಒಂದು ಇಟ್ಟಿಗೆಯ ಮೇಲಿತ್ತು. ಬೆರಳ ನಡುವೆ ಸಿಗರೇಟು. ನನ್ನನ್ನು ಕಂಡ. ಬಚ್ಚಿಡಲಿಲ್ಲ.

ಅವನ ಪಕ್ಕ ಕೂತೆ. ಬೈಯಬೇಕೆಂದು ದಾರಿಯುದ್ದಕ್ಕೂ ಯಾವ ಮಾತೂ ಸಿದ್ಧಮಾಡಿಕೊಂಡಿರಲಿಲ್ಲ. ಎರಡು ಟೀ ಹೇಳಿದೆ.

"ಬಿಟ್ಟಿದ್ದೆ ಅಕ್ಕ" ಎಂದ. "ಎರಡು ತಿಂಗಳು ಪೂರ್ತಿ ಬಿಟ್ಟಿದ್ದೆ. ಓದಿದ್ದು ತಲೆಗೆ ಹತ್ತಲಿಲ್ಲ. ಒಂದು ಪುಟ ಓದೋಕೆ ಅರ್ಧ ದಿನ. ಅಕ್ಷರ ಕಾಣುತ್ತೆ, ಅರ್ಥ ಆಗಲ್ಲ. ಇದು ಕೊನೇ ಚಾನ್ಸ್ ಕಣೇ."

"ಕಾಲು?"

"ಗೊತ್ತು."

"ಗೊತ್ತಿದ್ದೂ?"

"ನಿನಗೆ ಅರ್ಥ ಆಗಲ್ಲ ಅಂತಲ್ಲ. ನನಗೇ ಅರ್ಥ ಆಗಲ್ಲ. ಕೈ ತಾನೇ ಹೋಗುತ್ತೆ. ಬೆಳಿಗ್ಗೆ ಏಳುವಾಗ ಇವತ್ತು ಬೇಡ ಅಂದ್ಕೋತೀನಿ. ಮಧ್ಯಾಹ್ನದ ಹೊತ್ತಿಗೆ ಇಲ್ಲಿ ಕೂತಿರ್ತೀನಿ."

ಸಿಗರೇಟು ಕಿತ್ತುಕೊಳ್ಳಬಹುದಿತ್ತು. ಅಂಗಡಿಯಲ್ಲಿ ಇನ್ನೂ ಇದ್ದವು, ಬೀದಿಯ ತುಂಬ ಅಂಗಡಿಗಳಿದ್ದವು. ಅಷ್ಟು ದಿನ ನನಗೆ ಎಲ್ಲೋ ಒಳಗೆ ಅನಿಸುತ್ತಿದ್ದುದು, ನನ್ನ ಕೆಲಸ ಕಷ್ಟ, ಅವನದು ಸುಲಭ ಎಂದು. ನಾನು ಇನ್ನೂ ಯಾರೂ ಪೂರ್ತಿ ಮಾಡದ್ದನ್ನು ಮಾಡಬೇಕು, ಅವನು ಒಂದು ವಸ್ತುವನ್ನು ಬಾಯಿಗೆ ಇಡದಿದ್ದರೆ ಸಾಕು. ಆ ಬೆಂಚಿನಲ್ಲಿ ಅವನ ಮುಖ ನೋಡಿದ ಮೇಲೆ ಹಾಗೆ ಅನಿಸುವುದು ನಿಂತಿತು. ಟೀ ಬಂತು. ಅವನು ಸೇದಿ ಮುಗಿಸಿದ. ಇಬ್ಬರೂ ಆಟೋ ಹತ್ತಿದೆವು. ಅಮ್ಮನಿಗೆ ವಾಸನೆ ಗೊತ್ತಾಯಿತು. ಅವಳು ಎದ್ದು ಅಡುಗೆ ಬಿಸಿ ಮಾಡಿದಳು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರನ್ನು ನಾನೊಬ್ಬಳೇ ಕಂಡು ಕೇಳಿದೆ. ಮಜ್ಜೆಯ ಕೋಶಗಳನ್ನು ಕಾಲಿಗೆ ಚುಚ್ಚುವ ಪ್ರಯೋಗಗಳು ಅಲ್ಲಲ್ಲಿ ನಡೆಯುತ್ತಿದ್ದುದನ್ನು ನಾನು ಓದಿದ್ದೆ. ಇವನನ್ನು ಅಂಥ ಒಂದಕ್ಕೆ ಸೇರಿಸಬಹುದೇ ಎಂದೆ.

"ತಂಬಾಕು ಬಿಟ್ಟು ತಿಂಗಳುಗಳಾಗಿರಬೇಕು. ಕಾಲಲ್ಲಿ ಸೋಂಕು ಇರಬಾರದು" ಎಂದರು. "ಇವನು ಎರಡಕ್ಕೂ ಹೊಂದಲ್ಲ ಅಂತ ನಿಮಗೆ ಗೊತ್ತು. ಸೇರಿಸಿಕೊಂಡರೂ ಅದು ಪ್ರಯೋಗ. ನೀವೇ ಆ ಕ್ಷೇತ್ರದವರು, ನಿಮಗೆ ನಾನು ಹೇಳಬೇಕಾ?"

ಬೇಡ ಎಂದೆ.

ಅದರ ನಂತರದ ಒಂದು ದಿನ ಓನರ್ ಆಂಟಿ ಅಮ್ಮನಿಗೆ ಒಂದು ಜಾಹೀರಾತು ಓದಿ ಹೇಳಿದ್ದರು. ಗುಡಗಾಂವಿನಲ್ಲಿ ಒಂದು ಕ್ಲಿನಿಕ್, ಅಲ್ಲಿ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡುತ್ತಾರೆ, ಬೆನ್ನು, ಕಣ್ಣು, ಹೃದಯ, ಕಾಲು ಎಲ್ಲಕ್ಕೂ. ನಾನು ಲ್ಯಾಬಿನಿಂದ ಬಂದಾಗ ಅಮ್ಮ ಸೀರೆ ಬದಲಿಸಿ ಹೊರಡಲು ಸಿದ್ಧಳಾಗಿ ಕೂತಿದ್ದಳು. "ನೀನು ಮಾಡೋದನ್ನೇ ಅಲ್ಲಿ ಮಾಡ್ತಾರಂತೆ" ಎಂದಳು. ಅವಳ ಮುಖದಲ್ಲಿ ಅಷ್ಟು ಬೆಳಕನ್ನು ನಾನು ದೆಹಲಿಯಲ್ಲಿ ಅದೊಂದೇ ಸಲ ಕಂಡದ್ದು. ಬೇಡ ಎನ್ನಲು ಆಗಲಿಲ್ಲ. ಮಾರನೇ ದಿನ ಮೂವರೂ ಹೋದೆವು.

ಗಾಜಿನ ಬಾಗಿಲು, ತಣ್ಣನೆಯ ಎಸಿ, ಗೋಡೆಯ ಮೇಲೆ ನೀಲಿ ಬಣ್ಣದ ಜೀವಕೋಶದ ದೊಡ್ಡ ಚಿತ್ರ. ಒಳಗಿದ್ದ ಡಾಕ್ಟರು ತುಂಬ ಮೃದುವಾಗಿ ಮಾತಾಡಿದರು. ಕಾಲನ್ನು ಗ್ಲೌಸ್ ಹಾಕಿ ಮುಟ್ಟಿ, "ಬಹುತ್ ಅಚ್ಛೇ ಚಾನ್ಸಸ್ ಹೈಂ" ಎಂದರು. ನಾನು ಕೇಳಿದೆ, ಯಾವ ಕೋಶ ಹಾಕುತ್ತೀರಿ? ಅವರದೇ ಮಜ್ಜೆಯದೋ, ಬೇರೆಯವರದೋ? ಹಾಕುವ ಮುಂಚೆ ಅವು ಏನಾಗಿವೆ ಎಂದು ಹೇಗೆ ಪರೀಕ್ಷೆ ಮಾಡುತ್ತೀರಿ? ಒಳಗೆ ಹೋದ ಮೇಲೆ ಅವು ರಕ್ತನಾಳವೇ ಆದವು ಎಂದು ಹೇಗೆ ಗೊತ್ತಾಗುತ್ತದೆ? ಅವರು ನಗುತ್ತಲೇ, "ಮೇಡಂ, ಕೋಶಗಳಿಗೆ ಎಲ್ಲಿ ಹೋಗಬೇಕು ಅಂತ ತಾನಾಗಿ ಗೊತ್ತಿರುತ್ತೆ" ಎಂದರು. ನನ್ನ ಕೋಶಗಳು ನೆನಪಾದವು. ಅವಕ್ಕೆ ತಟ್ಟೆಯ ಆ ಮೂಲೆ ಬಿಟ್ಟು ಈ ಮೂಲೆಗೆ ಬರುವುದೂ ಗೊತ್ತಿರಲಿಲ್ಲ.

ಅಮ್ಮ ಎರಡೂ ಕೈ ಜೋಡಿಸಿ ತನ್ನ ಪಾಠದ ಹಿಂದಿಯಲ್ಲಿ, ನನ್ನ ಮಗ ನಡೆಯಬಲ್ಲನೇ ಎಂದು ಕೇಳಿದಳು, "ಮಹೋದಯ, ಕ್ಯಾ ಮೇರಾ ಪುತ್ರ ಚಲ್ ಸಕೇಗಾ?" ಅಲ್ಲಿದ್ದ ಯಾರೂ ನಗಲಿಲ್ಲ.

"ಬಿಲ್‌ಕುಲ್, ಮಾತಾಜೀ" ಎಂದರು ಅವರು.

ಹೊರಗೆ ಬಂದು ರಸ್ತೆ ಬದಿಯಲ್ಲಿ ಆಟೋಗೆ ಕಾಯುತ್ತ ನಿಂತಾಗ ನಾನು ಬೇಡ ಎಂದೆ. ಏಕೆ ಎಂದು ವಿವರಿಸಲು ಹೊರಟೆ. ಅಮ್ಮ ಪೂರ್ತಿ ಕೇಳಲಿಲ್ಲ.

"ನಿನ್ನ ಕೈಯಲ್ಲೂ ಆಗಲ್ಲ ಅಂತೀಯ. ಆಗುತ್ತೆ ಅನ್ನೋರ ಹತ್ರಾನೂ ಬೇಡ ಅಂತೀಯ. ಹಂಗಾದ್ರೆ ನಾನು ಎಲ್ಲಿಗೆ ಹೋಗ್ಲಿ, ಹೇಳು."

ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ನಿಜವಾಗಿಯೂ ವಿಳಾಸ ಕೇಳುವವಳ ಹಾಗೆ ಕೇಳಿದಳು. ತಮ್ಮ ಕಂಬಕ್ಕೆ ಒರಗಿ ನಿಂತಿದ್ದ. "ಚಲೋ ಅಮ್ಮ, ಬಿಡು" ಎಂದ. "ಅಕ್ಕ ಬೇಡ ಅಂದ್ರೆ ಬೇಡ." ಅಷ್ಟು ಹಗುರಾಗಿ ಅವನು ತನ್ನ ಕಾಲನ್ನು ನನ್ನ ಮಾತಿನ ಮೇಲೆ ಇಟ್ಟುಬಿಟ್ಟ. ನಾನು ಹೇಳಿದ್ದು ಸರಿಯೆಂದು ಅಂದೂ ಗೊತ್ತಿತ್ತು, ಇಂದೂ ಗೊತ್ತು. ಆ ಕ್ಲಿನಿಕ್ ಕೆಲವು ವರ್ಷಗಳಲ್ಲಿ ಮುಚ್ಚಿತೆಂದು ಕೇಳಿದೆ. ಆದರೂ ಆ ಭಾರ ಹೊರಲು ಸರಿಯೆಂಬ ತಿಳಿವಳಿಕೆ ಏನೂ ನೆರವಾಗಲಿಲ್ಲ.

ಮೇನ್ಸ್ ಪರೀಕ್ಷೆ ಅಕ್ಟೋಬರಿನಲ್ಲಿ. ಆ ಹೊತ್ತಿಗೆ ಕಿರುಬೆರಳು ಪೂರ್ತಿ ಕಪ್ಪಾಗಿ ಒಣಗಿತ್ತು, ಪಾದದ ಅಂಚು ಬಣ್ಣ ತಿರುಗುತ್ತಿತ್ತು. ಡಾಕ್ಟರು ಕೂಡಲೇ ದಾಖಲಾಗು ಎಂದರು. ಇವನು ಪರೀಕ್ಷೆ ಮುಗಿಯಲಿ ಎಂದ. ಅವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅಷ್ಟು ದಿನಗಳ ನೋವಿನಲ್ಲಿ ಓದಿದವನಿಗೆ ಬರೆಯಬೇಡ ಎನ್ನುವ ಬಾಯಿ ನಮ್ಮಿಬ್ಬರಿಗೂ ಇರಲಿಲ್ಲ. ನೋವಿನ ಮಾತ್ರೆ ಜಾಸ್ತಿ ಬರೆದುಕೊಟ್ಟರು. ಜ್ವರ ಬಂದರೆ ಒಂದು ಗಂಟೆಯೂ ಕಾಯಬಾರದು ಎಂದು ಹೇಳಿ ಕಳಿಸಿದರು.

ಪರೀಕ್ಷೆಯ ದಿನಗಳಲ್ಲಿ ಅವನನ್ನು ಆಟೋದಲ್ಲಿ ಕರೆದೊಯ್ದು, ಗೇಟಿನವರೆಗೆ ಹೆಗಲು ಕೊಟ್ಟು, ಹೊರಗೆ ಮರದ ಕೆಳಗೆ ಕೂರುತ್ತಿದ್ದೆ. ಮೂರು ಗಂಟೆ ಒಂದೇ ಕಡೆ ಕಾಲು ಇಳಿಬಿಟ್ಟು ಕೂರುವುದು ಅವನಿಗೆ ಮಲಗುವುದಕ್ಕಿಂತ ಹಿತವಾಗಿತ್ತಂತೆ. ಕನ್ನಡ ಸಾಹಿತ್ಯದ ಪತ್ರಿಕೆ ಬರೆದು ಬಂದ ದಿನ ಅವನ ಮುಖ ಅರಳಿತ್ತು. ಆಟೋದಲ್ಲಿ ಕೂತ ಮೇಲೂ ಪ್ರಶ್ನೆಗಳನ್ನು ಒಂದೊಂದಾಗಿ ಹೇಳಿದ. ತಾನು ಏನು ಬರೆದೆ ಎಂದು ವಿವರಿಸಿದ. ಮಾಲ್ ರೋಡಿನ ಸಿಗ್ನಲ್ಲಿನಲ್ಲಿ ಮಾತು ನಿಲ್ಲಿಸಿ ಕಣ್ಣು ಮುಚ್ಚಿದ. ಹಣೆ ಮುಟ್ಟಿದೆ. ಸುಡುತ್ತಿತ್ತು. ಡಾಕ್ಟರು ಹೇಳಿದ್ದು ಇಬ್ಬರಿಗೂ ನೆನಪಿದ್ದರೂ ಉಳಿದ ಪತ್ರಿಕೆಗಳನ್ನು ಜ್ವರದಲ್ಲೇ ಬರೆದ. ಕೊನೆಯ ದಿನ ಪರೀಕ್ಷಾ ಕೇಂದ್ರದಿಂದ ನೇರವಾಗಿ ಆಸ್ಪತ್ರೆಗೆ ಹೋದೆವು.

ಮೊಣಕಾಲಿನ ಕೆಳಗೆ ತೆಗೆಯಬೇಕು ಎಂದರು. ಬೆರಳು ಮಾತ್ರ ತೆಗೆದರೆ ಗಾಯ ಮಾಯಲು ರಕ್ತ ಸಾಲದು. ಅಮ್ಮ ಕಾರಿಡಾರಿನ ಬೆಂಚಿನಲ್ಲಿ ಜಪಸರವನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಮಣಿ ಎಣಿಸುತ್ತಿರಲಿಲ್ಲ. ಒಪ್ಪಿಗೆಗೆ ತಮ್ಮನೇ ಸಹಿ ಹಾಕಿದ. ಸ್ಟ್ರೆಚರಿನಲ್ಲಿ ಹೋಗುವಾಗ, "ಲ್ಯಾಬಿಗೆ ಎಷ್ಟು ದಿನದಿಂದ ಹೋಗಿಲ್ಲ ನೀನು? ನಿನ್ನ ಕೋಶಗಳಿಗೆ ಊಟ ಯಾರು ಹಾಕ್ತಿದ್ದಾರೆ?" ಎಂದು ಕೇಳಿದ.

ನನ್ನ ಜೂನಿಯರ್ ಒಬ್ಬಳು ಹಾಕುತ್ತಿದ್ದಳು. ಆಪರೇಷನ್ ಆಗಿ ಕೆಲವು ದಿನಗಳ ಮೇಲೆ ನಾನು ಲ್ಯಾಬಿಗೆ ಹೋದಾಗ ಅವಳು ಓಡಿಬಂದು ಕೈ ಹಿಡಿದು ಎಳೆದುಕೊಂಡು ಹೋದಳು. ಹೊಸ ಪೋಷಕ ದ್ರವದಲ್ಲಿ ನಾನು ಬಿಟ್ಟುಹೋಗಿದ್ದ ತಟ್ಟೆಯಲ್ಲಿ ಕೋಶಗಳು ಅಂಚಿನಿಂದ ಅಂಚಿನವರೆಗೆ ಹಾಸುಗಲ್ಲಿನಂತೆ ಕೂತಿದ್ದವು. ಹೊಳೆಯುವ ಬಣ್ಣ ಹಾಕಿ ನೋಡಿದರೆ ಒಳಪದರದ ಕೋಶಗಳಿಗೆ ಇರಬೇಕಾದ ಗುರುತುಗಳೆಲ್ಲ ಇದ್ದವು. ಜೆಲ್ಲಿನ ಮೇಲೆ ಬಿಟ್ಟರೆ ಸಂಜೆಯ ಹೊತ್ತಿಗೆ ತಟ್ಟೆಯ ತುಂಬ ಬಲೆ ಹೆಣೆದಿದ್ದವು. ಅಷ್ಟು ಚೆಂದದ ಬಲೆಯನ್ನು ನಾನು ಆವರೆಗೆ ಕಂಡಿರಲಿಲ್ಲ. ಗೈಡ್ ಬಂದು ನೋಡಿದರು, ಎಲ್ಲರನ್ನೂ ಕರೆದರು, ಸಮೋಸ ತರಿಸಿದರು. ಯಾರೋ ಬೆನ್ನು ತಟ್ಟಿದರು. ನಾನು ಮತ್ತೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಸಂತೋಷ ಬರಲಿ ಎಂದು ಕಾದೆ. ಬರಲಿಲ್ಲ. ದುಃಖವೂ ಬರಲಿಲ್ಲ. ಕಣ್ಣು ಸುಮ್ಮನೆ ನೋಡುತ್ತಿತ್ತು. ಮಾರನೇ ದಿನದ ಹೊತ್ತಿಗೆ ಬಲೆಯ ಎಳೆಗಳು ಒಂದೊಂದಾಗಿ ಬಿಟ್ಟುಕೊಂಡು ಕೋಶಗಳು ಮುದ್ದೆಯಾಗಿದ್ದವು. ಯಾವ ಲ್ಯಾಬಿನಲ್ಲಾದರೂ ಅವು ಹಾಗೆಯೇ ಆಗುತ್ತವೆ.

ಆಪರೇಷನ್ ಆದ ದಿನದಿಂದ ತಮ್ಮ ಸಿಗರೇಟು ಮುಟ್ಟಲಿಲ್ಲ. ಅದಕ್ಕೆ ಅವನು ಯಾವ ಕಾರಣವನ್ನೂ ಹೇಳುವುದಿಲ್ಲ. ಬೇಕೆನಿಸಲಿಲ್ಲ ಎನ್ನುತ್ತಾನೆ. ಎಡಗಾಲು ಉಳಿದಿದೆ. ಮೇನ್ಸ್ ಫಲಿತಾಂಶದಲ್ಲಿ ಅವನ ನಂಬರ್ ಇರಲಿಲ್ಲ. ಅದನ್ನು ಅವನೇ ಕರೋಲ್ ಬಾಗಿನ ಸೈಬರ್ ಕೆಫೆಯಲ್ಲಿ ಊರುಗೋಲು ಪಕ್ಕಕ್ಕಿಟ್ಟು ಕೂತು ನೋಡಿದ. ನನಗೆ ಫೋನ್ ಮಾಡಿ, "ಇಲ್ಲ ಕಣೇ" ಎಂದಷ್ಟೇ ಹೇಳಿದ. ಈಗ ದಾವಣಗೆರೆಯಲ್ಲಿ ಪರೀಕ್ಷೆ ಬರೆಯುವ ಹುಡುಗರಿಗೆ ಭೂಗೋಳ ಹೇಳಿಕೊಡುತ್ತಾನೆ. ಚೆನ್ನಾಗಿ ಹೇಳಿಕೊಡುತ್ತಾನಂತೆ. ನನಗೆ ಪಿಎಚ್‌ಡಿ ಸಿಕ್ಕಿತು. ಇಲಿಯ ಕಾಲಿನವರೆಗೂ ಹೋದೆವು, ಕೆಲವು ಇಲಿಗಳಲ್ಲಿ ಒಂದಿಷ್ಟು ಗುಣ ಕಂಡಿತು, ಕೆಲವುಗಳಲ್ಲಿ ಇಲ್ಲ.

ಅವನು ಊರಿಗೆ ಹೊರಡುವ ಮುಂಚೆ, ಕೃತಕ ಕಾಲು ಕೊಡುವ ಕೇಂದ್ರಕ್ಕೆ ನಾವಿಬ್ಬರೂ ಕೆಲವು ವಾರ ಹೋಗುತ್ತಿದ್ದೆವು. ದೊಡ್ಡ ಹಾಲಿನಲ್ಲಿ ಎರಡು ಕಬ್ಬಿಣದ ಸರಳುಗಳ ನಡುವೆ ನಡೆಯುವ ಅಭ್ಯಾಸ. ಅವನು ಸರಳು ಹಿಡಿದು ಹಲ್ಲು ಕಚ್ಚಿ ನಡೆಯುವಾಗ ನಾನು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಿರುತ್ತಿದ್ದೆ. ಒಂದು ಬೆಳಿಗ್ಗೆ ತನ್ನ ಸರದಿ ಕಾಯುತ್ತಿದ್ದ ಒಬ್ಬ ನಡುವಯಸ್ಸಿನ ಮನುಷ್ಯ ಪಕ್ಕದಲ್ಲಿ ಬಂದು ಕೂತ. ರೋಹತಕ್ ಕಡೆಯ ಟ್ರಕ್ ಡ್ರೈವರ್. ಒಂದು ಕಾಲು ಆಗಲೇ ಹೋಗಿತ್ತು. ತಮ್ಮ ಒಂದು ಸುತ್ತು ಮುಗಿಸಿ ನಮ್ಮ ಹತ್ತಿರ ನಿಂತಾಗ ಅವನು ನನ್ನನ್ನು ತೋರಿಸಿ, "ದೀದಿ ಹೈ? ಡಾಕ್ಟರ್ ಹೈ ಕ್ಯಾ?" ಎಂದು ಕೇಳಿದ.

"ಡಾಕ್ಟರ್ ನಹೀಂ" ಎಂದ ತಮ್ಮ, ಉಸಿರು ಬಿಡುತ್ತ. ಅಕ್ಕ ಲ್ಯಾಬಿನಲ್ಲಿ ರಕ್ತದ ನಾಳಗಳನ್ನು ಮಾಡುತ್ತಾಳೆ ಎನ್ನುವಾಗ ಅವನ ದನಿಯಲ್ಲಿ ಹೆಮ್ಮೆ ಇತ್ತು. "ಖೂನ್ ಕೀ ನಲಿಯಾಂ ಬನಾತೀ ಹೈ. ಲ್ಯಾಬ್ ಮೇಂ."

ಆ ಮನುಷ್ಯ ಬಗ್ಗಿ ತನ್ನ ಉಳಿದ ಕಾಲಿನ ಪೈಜಾಮವನ್ನು ಮೇಲಕ್ಕೆ ಸರಿಸಿ, ಚಪ್ಪಲಿ ಬಿಚ್ಚಿ, ಪಾದವನ್ನು ನನ್ನ ಕಡೆ ಚಾಚಿದ. ಹೆಬ್ಬೆರಳಿನ ತುದಿ ನೇರಳೆಯಾಗಿತ್ತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಬೆಂಚಿನಿಂದ ಇಳಿದು ನೆಲದಲ್ಲಿ ಕೂತು ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಪಾದದ ಮೇಲೆ, ಹಿಮ್ಮಡಿಯ ಪಕ್ಕ ಬೆರಳಿಟ್ಟು ನಾಡಿ ಹುಡುಕುತ್ತಿದ್ದೆ. ಅಷ್ಟರಲ್ಲಿ ಅವನ ಸರದಿ ಬಂತೆಂದು ಒಳಗಿನಿಂದ ಕರೆದರು.